ಎಂಜಿಬಿ ಪಿಕಪ್ ತೆಗೆದುಕೊಳ್ಳುವಾಗ ತಡವರಿಸಿದರೆ

ಗೆಳೆಯರೇ, ಎರಡು ಎಸ್‌ಯು ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರು, ಎಕ್ಸಿಲರೇಟರ್ ಒತ್ತಿದ ಕೂಡಲೇ ಒಂದು ಕ್ಷಣ ಉಸಿರುಗಟ್ಟಿದಂತಾಗಿ ಆಮೇಲೆ ಎಳೆಯುತ್ತದಾ? ಸುಮ್ನೆ ಜೆಟ್ (ಪೆಟ್ರೋಲ್ ಹೊರಬರುವ ಸಣ್ಣ ಕೊಳವೆ) ತಿರುಗಿಸಬೇಡಿ. ಮೊದಲು ಕಾರ್ಬ್ಯುರೇಟರ್ ತಲೆಯ ಮೇಲಿನ ಡ್ಯಾಂಪರ್ (ಮುಚ್ಚಳಕ್ಕೆ ಅಂಟಿದ ಕಡ್ಡಿ) ಬಿಚ್ಚಿ ಒಳಗಿನ ಆಯಿಲ್ ನೋಡಿ. ಎಕ್ಸಿಲರೇಟರ್ ಒತ್ತಿದಾಗ ಹೆಚ್ಚು ಪೆಟ್ರೋಲ್ ಚಿಮ್ಮಿಸಲು ಇದರಲ್ಲಿ ಬೇರೆ ಪಂಪ್ ಇಲ್ಲ, ಅಲ್ವಾ? ಥ್ರಾಟಲ್ ತಟ್ಟನೆ ತೆರೆದಾಗ ಕಾರ್ಬ್ಯುರೇಟರಿನ ಒಳಗಿನ ಪಿಸ್ಟನ್ ಸರ್ರನೆ ಮೇಲೇಳದಂತೆ ತಡೆಯುವುದು ಆ ಆಯಿಲ್. ಆ ತಡೆಯಿಂದಲೇ ಆ ಕ್ಷಣಕ್ಕೆ ಪೆಟ್ರೋಲ್ ಜಾಸ್ತಿ ಸಿಗುತ್ತದೆ. ಆಯಿಲ್ ಖಾಲಿಯಾಗಿದ್ದರೆ ಗಾಳಿ ಜಾಸ್ತಿಯಾಗಿ ಎಂಜಿನ್ ಮುಗ್ಗರಿಸುತ್ತದೆ.

20 ಗ್ರೇಡ್ ಆಯಿಲ್ ಹಾಕಿ. ಡ್ಯಾಂಪರ್ ಇಳಿಸುವಾಗ ಮುಚ್ಚಳ ಕೂರಲು ಇನ್ನೂ 6 ಮಿ.ಮೀ. ಇದೆ ಅನ್ನುವಾಗ ಕೈಗೆ ತಡೆ ಸಿಕ್ಕರೆ ಮಟ್ಟ ಸರಿಯಿದೆ.

ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ತೆಗೆದು ಪಿಸ್ಟನ್ನನ್ನು ಬೆರಳಿಂದ ಎತ್ತಿ ಬಿಡಿ. ‘ಟಕ್’ ಅಂತ ಬೀಳಬೇಕು. ಬೀಳದಿದ್ದರೆ ಒಳಗೆ ಕೊಳೆಯಿದೆ, ಇಲ್ಲವೇ ಪಿಸ್ಟನ್ನಿನ ಕೆಳಗಿನ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ.

ಇಷ್ಟಾದರೂ ಹೋಗಲಿಲ್ಲವಾ? ಡಿಸ್ಟ್ರಿಬ್ಯೂಟರಿಗೆ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಹೋಗುವ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದೆಯಾ ನೋಡಿ. ಅದರೊಳಗಿನ ಕಾಂಟ್ಯಾಕ್ಟ್ ಪಾಯಿಂಟ್‌ಗಳ ನಡುವಿನ ಗ್ಯಾಪ್ 0.015 ಇಂಚಿಗೆ ತನ್ನಿ. ಕಾರ್ಬ್ಯುರೇಟರಿನದೆಂದು ದೂರುವ ಎಷ್ಟೋ ತೊಂದರೆಗಳು ಇಗ್ನಿಷನ್ನಿನವೇ ಆಗಿರುತ್ತವೆ, ಹಾಗಾಗಿ ಮಿಕ್ಸ್ಚರ್ (ಪೆಟ್ರೋಲ್-ಗಾಳಿಯ ಪ್ರಮಾಣ) ಕೊನೆಗೆ ಮುಟ್ಟಿ.