ಮ್ಯಾಟ್ ಎತ್ತಿ ನೋಡಿ ಕೊಂಡ ಕಾರು

ಲೈಸೆನ್ಸ್ ಸಿಕ್ಕಿ ಎಂಟು ತಿಂಗಳಾಗಿತ್ತು. ಅಂಕೋಲಾದಿಂದ ಕಾರವಾರಕ್ಕೆ ದಿನಾ ಬೈಕಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ. 2023ರ ಮಳೆಗಾಲದಲ್ಲಿ ಎರಡನೇ ರೇನ್‌ಕೋಟ್ ಹರಿದ ದಿನ, ಸಾಕು, ಒಂದು ಹಳೇ ಕಾರು ತಗೊಳ್ಳೋಣ ಅನಿಸಿತು. ಕೈಯಲ್ಲಿದ್ದದ್ದು ಒಂದು ಲಕ್ಷ. ಕಾರು, ಆರ್‌ಸಿ ವರ್ಗಾವಣೆ, ಇನ್ಶೂರೆನ್ಸ್, ರಿಪೇರಿ ಎಲ್ಲ ಅದರೊಳಗೇ ಆಗಬೇಕಿತ್ತು.

ಮೊದಲು ನೋಡಿದ್ದು ಕಾರವಾರದಲ್ಲಿ, ಸಮುದ್ರದ ಪಕ್ಕದ ಮನೆಯ ಕೆಂಪು ಆಲ್ಟೋ. ಹೊಸ ಪೇಂಟ್, ಹೊಸ ಸೀಟ್ ಕವರ್, ಒಳಗೆ ಮಲ್ಲಿಗೆ ಸೆಂಟು. ನನಗೆ ಅಲ್ಲೇ ಮನಸ್ಸು ಕೂತುಬಿಟ್ಟಿತು. ಜೊತೆಗೆ ಬಂದಿದ್ದ ಸೋದರಮಾವ ಇಪ್ಪತ್ತು ವರ್ಷ ಟೆಂಪೊ ಓಡಿಸಿದವರು. ಅವರು ಸೀಟಿನ ಮೇಲೆ ಕೂರಲೇ ಇಲ್ಲ, ಮೊದಲು ಮ್ಯಾಟ್ ಎತ್ತಿದರು. ಆಮೇಲೆ ಡಿಕ್ಕಿಯಿಂದ ಸ್ಟೆಪ್ನಿ ಹೊರಗಿಟ್ಟು, ಅದು ಕೂರುವ ಗುಂಡಿಯ ಮೂಲೆಗೆ ಸ್ಕ್ರೂಡ್ರೈವರ್ ತುದಿ ಸ್ವಲ್ಪ ಒತ್ತಿದರು. ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಓನರ್ ಆಕಾಶ ನೋಡುತ್ತಿದ್ದರು.

"ತಮಾ, ಇದರಲ್ಲಿ ಮೀನು ಹೇರಿದ್ದಾರೆ," ಎಂದರು ಮಾವ, ಹೊರಗೆ ಬಂದ ಮೇಲೆ.

ಮೀನಿನ ಬುಟ್ಟಿಯಿಂದ ಸೋರುವ ನೀರಿನಲ್ಲಿ ಉಪ್ಪು ಇರುತ್ತದೆ. ಅದು ಡಿಕ್ಕಿಯಲ್ಲಿ ಇಳಿದು ನಿಲ್ಲುತ್ತದೆ. ಸಾಲದ್ದಕ್ಕೆ ಕರಾವಳಿಯ ಉಪ್ಪು ಗಾಳಿ. ಬಾಗಿಲ ಕೆಳಗೆ ನೀರು ಹೋಗಲು ಇರುವ ಸಣ್ಣ ತೂತುಗಳಲ್ಲಿ ಮಣ್ಣು ಕಟ್ಟಿಕೊಂಡರೆ ತುಕ್ಕು ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಮೇಲೆ ತೂತು ತುಂಬುವ ಪುಟ್ಟಿ ಮೆತ್ತಿ ಪೇಂಟ್ ಹೊಡೆದರೆ ನಮ್ಮಂಥ ಹೊಸಬರಿಗೆ ಏನೂ ಕಾಣುವುದಿಲ್ಲ. ಆಮೇಲೆ ನಾನೂ ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡೇ ಹೋಗುತ್ತಿದ್ದೆ. ಪುಟ್ಟಿ ದಪ್ಪಗಿರುವ ಕಡೆ ಅದು ಹಿಡಿಯುವುದಿಲ್ಲ.

ಮಾವನ ಲೆಕ್ಕ ಬೇರೆಯೇ ಇತ್ತು. ಘಟ್ಟದ ಮೇಲಿನ ಕಾರಿಗೆ ಬಾಡಿ ಚೆನ್ನಾಗಿರುತ್ತದೆ, ಕ್ಲಚ್ ಸವೆದಿರುತ್ತದೆ. ಕರಾವಳಿ ಕಾರಿಗೆ ಅದು ಉಲ್ಟಾ. ಕ್ಲಚ್ ಬದಲಾಯಿಸಬಹುದು, ಬಾಡಿ ಬದಲಾಯಿಸೋಕಾಗುತ್ತಾ? ಎಲ್ಲ ಕಾರಿಗೂ ಇದು ಹೊಂದುತ್ತದೆ ಅಂತ ನಾನು ಹೇಳಲಾರೆ, ನನ್ನ ವಿಷಯದಲ್ಲಂತೂ ಹೊಂದಿತು.

ಶಿರಸಿಯಲ್ಲಿ ಸಿಕ್ಕಿದ್ದು ರಿಟೈರ್ ಆದ ಮಾಸ್ತರೊಬ್ಬರ 2010ರ ಆಲ್ಟೋ, ಕೆಎ-31 ನಂಬರು. ಬಣ್ಣ ಮಾಸಿತ್ತು, ಬಂಪರ್‌ಗೆ ಅಡಿಕೆ ಮರ ತಾಗಿದ ಗುರುತು. "ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಮಾಸ್ತರೇ" ಎಂದು ಹಿಂದಿನ ದಿನವೇ ಫೋನು ಮಾಡಿದ್ದೆವು. ಬಿಸಿ ಎಂಜಿನ್ ಹಲವು ರೋಗ ಮುಚ್ಚಿಡುತ್ತದೆ. ಮೊದಲ ಸೆಲ್ಫ್‌ಗೇ ಹಿಡಿಯಿತು, ಆಯಿಲ್ ಸುಟ್ಟರೆ ಬರುವ ನೀಲಿ ಹೊಗೆ ಇಲ್ಲ. ಮ್ಯಾಟಿನ ಅಡಿ ಒಣ ತಗಡು. ಟೈರಿನ ಮೇಲೆ 3216 ಎಂದಿತ್ತು, ಅಂದರೆ 2016ರ 32ನೇ ವಾರದಲ್ಲಿ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ರಬ್ಬರ್ ಮುದಿಯಾಗಿತ್ತು. ಏರಿನಲ್ಲಿ ಎಂಜಿನ್ ಕಿರುಚಿತು, ಕಾರು ಮಾತ್ರ ನಿಧಾನ. ಮಾವ ಹೇಳಿದ ಹಾಗೇ ಕ್ಲಚ್ ಹೋಗಿತ್ತು.

ಅವರು 95 ಸಾವಿರ ಹೇಳಿದರು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಅಂದರೆ ಈ ಕಾರಿನದು 2025ಕ್ಕೆ ಮುಗಿಯುತ್ತಿತ್ತು. ಆಮೇಲೆ ತಪಾಸಣೆ, ರಿನೀವಲ್ ಶುಲ್ಕವೇ ಆಗ 5,000 ಇತ್ತು. ಟೈರು, ಕ್ಲಚ್ಚು, ಈ ರಿನೀವಲ್, ಎಲ್ಲ ಲೆಕ್ಕ ಹಾಕಿ ಬೆಲೆ ಇಳಿಸಿ ಕೇಳಿದೆವು. ಎರಡು ಸಲ ಚಹಾ ಆದ ಮೇಲೆ 76ಕ್ಕೆ ಮುಗಿಯಿತು.

ನಾನು ಎಡವಿದ್ದು ಆಮೇಲೆ. ಖುಷಿಯಲ್ಲಿ 20 ಸಾವಿರ ಮುಂಗಡ ಕೊಟ್ಟುಬಿಟ್ಟೆ. ಮನೆಗೆ ಬಂದು ಆರ್‌ಸಿ ಫೋಟೊ ನೋಡಿದರೆ ಬ್ಯಾಂಕಿನ ಹೈಪೋಥಿಕೇಶನ್, ಅಂದರೆ ಕಾರು ಸಾಲಕ್ಕೆ ಅಡವಿದೆ ಎಂಬ ನಮೂದು, ಹಾಗೇ ಇದೆ! ಸಾಲ ತೀರಿ ಎಷ್ಟೋ ವರ್ಷವಾಗಿತ್ತು, ಪಾಪ ಮಾಸ್ತರು ತೆಗೆಸಿರಲೇ ಇಲ್ಲ. ಬ್ಯಾಂಕಿನ ಎನ್‌ಒಸಿ, ಆ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರಲು ಮೂರು ವಾರ ಬೇಕಾಯಿತು. ಅದಾದ ಮೇಲೇ ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ. ಎಂಪರಿವಾಹನ್‌ನಲ್ಲಿ (ಸರ್ಕಾರದ ವಾಹನ ಆ್ಯಪ್) ಮುಂಗಡಕ್ಕೆ ಮೊದಲೇ ನಂಬರ್ ಹಾಕಿ ನೋಡಲು ಎರಡು ನಿಮಿಷ ಸಾಕಿತ್ತು.

ಇನ್ಶೂರೆನ್ಸ್ ಮುಗಿದಿತ್ತು, ಹೊಸದು ಮಾಡಿಸಿದೆ. ನನಗೆ 22 ವರ್ಷ ಅಂತ ಥರ್ಡ್ ಪಾರ್ಟಿಗೆ (ಎದುರಿನವರಿಗಾಗುವ ನಷ್ಟದ ವಿಮೆಗೆ) ಜಾಸ್ತಿ ಕೇಳುತ್ತಾರೆ ಅಂದುಕೊಂಡಿದ್ದೆ. ಆದರೆ ಅದು ಎಂಜಿನ್ ಸಿಸಿ ಮೇಲೆ: 1000 ಸಿಸಿ ಒಳಗಿನ ಕಾರಿಗೆ ಆಗ 2,094 ಇತ್ತು, ಜಿಎಸ್‌ಟಿ ಬೇರೆ. ಕ್ಲಚ್ ಶಿರಸಿಯಲ್ಲೇ ಹಾಕಿಸಿದೆ, 5,500 ಆಯಿತು.

ದೇವಿಮನೆ ಘಟ್ಟ ಇಳಿಯುವಾಗ ಮಾವ ಪಕ್ಕದಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದರು, "ಬ್ರೇಕ್ ಮೇಲೆ ಕಾಲಿಟ್ಟು ಕೂರಬೇಡ, ಎರಡನೇ ಗೇರಲ್ಲೇ ಬಿಡು." ಕುಮಟಾ ಮುಟ್ಟುವಾಗ ನನ್ನ ಅಂಗಿ ಒದ್ದೆ.

ಈಗ ವಾರಕ್ಕೊಮ್ಮೆ ಬಾವಿ ನೀರಲ್ಲಿ ಕಾರಿನ ಅಡಿ ತೊಳೆಯುತ್ತೇನೆ. ಡಿಕ್ಕಿಗೆ ಮೀನು ಹತ್ತಿಸುವುದಿಲ್ಲ. ಬಂಗಡೆ ತಂದ ದಿನ ಅಮ್ಮ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಮನೆ ಬರುವವರೆಗೂ ನನ್ನನ್ನು ಬೈಯುತ್ತಾಳೆ.