ಮಾನವ ಹಕ್ಕು ಸಂಶೋಧನಾ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್: ಅರ್ಜಿಯಿಂದ ಕಡತದವರೆಗೆ

ಕಾನೂನು, ಸಮಾಜಕಾರ್ಯ, ಪತ್ರಿಕೋದ್ಯಮ, ರಾಜ್ಯಶಾಸ್ತ್ರ ಓದುತ್ತಿರುವವರಲ್ಲಿ ಮಾನವ ಹಕ್ಕುಗಳ ಸಂಸ್ಥೆಯೊಂದರಲ್ಲಿ ಕೆಲವು ವಾರ ಕೆಲಸ ಕಲಿಯಬೇಕೆಂದುಕೊಂಡವರು ಸಾಕಷ್ಟಿದ್ದಾರೆ. ಅಲ್ಲಿ ದಿನನಿತ್ಯ ನಡೆಯುವ ಕೆಲಸ ಎಂಥದ್ದೆಂದು ವಿಚಾರಿಸಿಕೊಂಡು ಅರ್ಜಿ ಹಾಕುವವರು ಕಡಿಮೆ. ಧರಣಿ, ಘೋಷಣೆ, ನ್ಯಾಯಾಲಯದ ವಾದ ಎಂದೆಲ್ಲ ಕಲ್ಪಿಸಿಕೊಂಡು ಹೋದವರಿಗೆ ಮೊದಲ ವಾರ ಎದುರಾಗುವುದು ಕಡತದ ಕಟ್ಟು, ಎಕ್ಸೆಲ್ ಹಾಳೆ ಮತ್ತು ಪೊಲೀಸ್ ಠಾಣೆಯ ಕೈಬರಹ. ಕನ್ನಡ ಬಲ್ಲ ವಿದ್ಯಾರ್ಥಿಗೆ ಇದೇ ಅನುಕೂಲ, ಏಕೆಂದರೆ ತಾಲ್ಲೂಕು ಮಟ್ಟದ ಮೂಲ ದಾಖಲೆಗಳು ಬಹುಮಟ್ಟಿಗೆ ಕನ್ನಡದಲ್ಲೇ ಇರುತ್ತವೆ.

ಮೊದಲು ಸಂಸ್ಥೆಯ ಆಯ್ಕೆ

ನವದೆಹಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ರಚನೆಯಾದ ಶಾಸನಬದ್ಧ ಸಂಸ್ಥೆ. ಅದು ಬೇಸಿಗೆ ಮತ್ತು ಚಳಿಗಾಲದಲ್ಲಿ ಇಂಟರ್ನ್‌ಶಿಪ್ ನಡೆಸುತ್ತದೆ. ಆನ್‌ಲೈನ್‌ನಲ್ಲಿ ಅಲ್ಪಾವಧಿಯ ಕಾರ್ಯಕ್ರಮವೂ ಉಂಟು. ಉಪನ್ಯಾಸ, ಭೇಟಿ, ಚರ್ಚೆಗಳೇ ಹೆಚ್ಚಿರುವ ಇದನ್ನು ವಿಷಯ ಪರಿಚಯದ ಶಿಬಿರವೆಂದು ತಿಳಿದು ಹೋದರೆ ನಿರಾಶೆಯಾಗದು. ಸಂಶೋಧನೆಯ ರೂಢಿ ಕಲಿಯಬೇಕೆಂದಿದ್ದರೆ ದೆಹಲಿಯ ಕಾಮನ್‌ವೆಲ್ತ್ ಹ್ಯೂಮನ್ ರೈಟ್ಸ್ ಇನಿಷಿಯೇಟಿವ್, ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ, ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್‌ನಂತಹ ಸಂಸ್ಥೆಗಳು ಏನು ಪ್ರಕಟಿಸಿವೆ ಎಂಬುದನ್ನು ನೋಡಬೇಕು. ಹೆಸರು ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ, ಸಂಸ್ಥೆಯ ಇತ್ತೀಚಿನ ಒಂದೆರಡು ವರದಿಗಳನ್ನು ಪೂರ್ತಿ ಓದಿ, ಅದರಲ್ಲಿನ ಮಾಹಿತಿಯನ್ನು ಅವರು ಎಲ್ಲಿಂದ, ಹೇಗೆ ಕಲೆಹಾಕಿದರು ಎಂದು ಗುರುತಿಸಿಕೊಳ್ಳುವುದು ಮುಖ್ಯ.

ಕಾನೂನು ವಿದ್ಯಾರ್ಥಿಗಳು ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕು. ಬಾರ್ ಕೌನ್ಸಿಲ್ ನಿಯಮದಂತೆ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರಗಳ ಇಂಟರ್ನ್‌ಶಿಪ್ ಕಡ್ಡಾಯ.

ಅರ್ಜಿಗೂ ಮೊದಲು ಎರಡು ಪುಟ

‘ನನಗೆ ಮಾನವ ಹಕ್ಕುಗಳ ಬಗ್ಗೆ ಅಪಾರ ಕಾಳಜಿಯಿದೆ’ ಎಂಬ ವಾಕ್ಯ ಎಲ್ಲ ಅರ್ಜಿಗಳಲ್ಲೂ ಇರುತ್ತದೆ. ಅದನ್ನು ಬಿಟ್ಟರೆ ನಷ್ಟವೇನಿಲ್ಲ. ಅದರ ಬದಲು ಸಾರ್ವಜನಿಕ ದಾಖಲೆಯೊಂದನ್ನು ಆಧರಿಸಿ ಎರಡು ಪುಟದ ಟಿಪ್ಪಣಿ ಬರೆದು ಲಗತ್ತಿಸುವುದು ಒಳ್ಳೆಯದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೊರತರುವ ಕಾರಾಗೃಹ ಅಂಕಿಅಂಶಗಳ ವರದಿಯನ್ನೇ ತೆಗೆದುಕೊಳ್ಳಿ. 2022ರ ವರದಿಯ ಪ್ರಕಾರ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಸುಮಾರು ಮೂವರು, ವಿಚಾರಣಾಧೀನ ಕೈದಿಗಳು. 2024ರ ಜುಲೈ 1ರಂದು ಜಾರಿಗೆ ಬಂದ, ಬಂಧನ-ವಿಚಾರಣೆಗಳ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಕೆಲವು ಷರತ್ತುಗಳೊಂದಿಗೆ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಜೈಲಿನಲ್ಲಿ ಕಳೆದ ವಿಚಾರಣಾಧೀನ ಕೈದಿಗೆ ಬಿಡುಗಡೆಯ ಅವಕಾಶ ಕೊಡುತ್ತದೆ. ಮೊದಲ ಬಾರಿಯ ಆಪಾದಿತರಿಗೆ ಮೂರನೇ ಒಂದು ಭಾಗ ಸಾಕು. ಈ ಎರಡನ್ನೂ ಎದುರುಬದುರು ಇಟ್ಟು, ಕರ್ನಾಟಕದ ಕೋಷ್ಟಕದಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂದು ಬರೆದರೆ, ಓದುವವರಿಗೆ ಅರ್ಜಿದಾರರ ಯೋಚನೆಯ ಕ್ರಮ ಕಾಣುತ್ತದೆ. ಅರ್ಜಿಯ ಪತ್ರ ಒಂದು ಪುಟ ಮೀರಬಾರದು. ಬಲ್ಲ ಭಾಷೆಗಳನ್ನು ಹೇಳುವಾಗ ಓದಲು, ಬರೆಯಲು, ಅನುವಾದಿಸಲು ಎಂದು ಬೇರೆಬೇರೆಯಾಗಿ ನಮೂದಿಸಿ. ತುಳು, ಉರ್ದು, ಲಂಬಾಣಿ ಗೊತ್ತಿದ್ದರೆ ಮರೆಯದೆ ಸೇರಿಸಿ. ಗೌರವಧನ ಉಂಟೇ, ಪ್ರಯಾಣದ ಖರ್ಚು ಯಾರದು ಎಂದು ಕೇಳಲು ಸಂಕೋಚ ಬೇಡ. ಹಲವು ಕಡೆ ಏನೂ ಕೊಡುವುದಿಲ್ಲ. ದೂರದ ಊರಿನಿಂದ ಬಂದು ಪಿ.ಜಿ.ಯಲ್ಲಿ ಉಳಿಯಬೇಕಾದವರಿಗೆ ಇದು ಸಣ್ಣ ಮಾತಲ್ಲ.

ಕಡತ ಓದುವ ಬಗೆ

ಸೇರಿದ ಮೇಲೆ ಹೆಚ್ಚಿನ ಸಮಯ ಹೋಗುವುದು ಇಲ್ಲೇ. ಕಸ್ಟಡಿಯಲ್ಲಿ ಹಲ್ಲೆ ನಡೆದಿದೆ ಎಂಬ ದೂರೊಂದರ ಕಡತ ಕೈಗೆ ಬಂದಿದೆ ಎಂದುಕೊಳ್ಳಿ. ಪ್ರಥಮ ವರ್ತಮಾನ ವರದಿ (ಎಫ್‌ಐಆರ್), ದಸ್ತಗಿರಿ ಮೆಮೊ, ಪಂಚನಾಮೆ, ವೈದ್ಯಕೀಯ ತಪಾಸಣಾ ವರದಿ, ಬಂಧನ ಮುಂದುವರಿಸಲು ನ್ಯಾಯಾಲಯಕ್ಕೆ ಸಲ್ಲಿಸುವ ರಿಮ್ಯಾಂಡ್ ಅರ್ಜಿ ಇವಿಷ್ಟೂ ಅದರಲ್ಲಿರುತ್ತವೆ ಅಥವಾ ಇರಬೇಕಿತ್ತು. ಮೊದಲ ಓದಿನಲ್ಲಿ ಕಥೆಯ ಕಡೆ ಗಮನ ಕೊಡದೆ ದಿನಾಂಕ ಮತ್ತು ವೇಳೆಗಳನ್ನಷ್ಟೇ ಒಂದು ಹಾಳೆಯ ಮೇಲೆ ಸಾಲಾಗಿ ಬರೆದುಕೊಳ್ಳಬೇಕು. ಮೆಮೊದಲ್ಲಿ ದಸ್ತಗಿರಿಯ ವೇಳೆ ಬೆಳಿಗ್ಗೆ 11 ಎಂದಿದ್ದು, ಮನೆಯವರ ಹೇಳಿಕೆಯಲ್ಲಿ ಹಿಂದಿನ ರಾತ್ರಿಯೇ ಕರೆದೊಯ್ದರೆಂದಿದ್ದರೆ, ಬಂಧಿತರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಸಂವಿಧಾನದ 22ನೇ ವಿಧಿ ಹೇಳುವ 24 ಗಂಟೆಗಳ ಲೆಕ್ಕ ಯಾವಾಗಿನಿಂದ ಶುರುವಾಗಬೇಕು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. 1996ರ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೆಮೊಗೆ ಮನೆಯವರು ಅಥವಾ ಸ್ಥಳೀಯ ಗಣ್ಯರೊಬ್ಬರ ಸಾಕ್ಷಿ ಸಹಿ ಇರಬೇಕು, ಬಂಧಿತರ ಸಹಿಯೂ ಇರಬೇಕು, ಕಸ್ಟಡಿಯಲ್ಲಿರುವವರನ್ನು ಪ್ರತಿ 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು ಎಂದು ಹೇಳಿತು. ಸಹಿಯ ಜಾಗ ಖಾಲಿ ಇದ್ದರೆ ‘ಸಹಿ ಇಲ್ಲ’ ಎಂದಷ್ಟೇ ಟಿಪ್ಪಣಿಯಲ್ಲಿ ಬರೆಯಬೇಕು. ‘ಪೊಲೀಸರು ಸಹಿ ಮಾಡಿಸದೆ ಮುಚ್ಚಿಟ್ಟರು’ ಎಂದು ಬರೆದರೆ ಕಾಗದ ಹೇಳದ ಮಾತನ್ನು ನಾವು ಸೇರಿಸಿದಂತಾಗುತ್ತದೆ. ವರದಿಯನ್ನು ಅಲ್ಲಗಳೆಯಲು ಎದುರಿನವರಿಗೆ ಅಂಥ ಒಂದೇ ವಾಕ್ಯ ಸಾಕು.

ಮಾಹಿತಿ ಹಕ್ಕು ಅರ್ಜಿ

ಇದನ್ನು ಮೊದಲ ವಾರದಲ್ಲೇ ಹಾಕಬೇಕು. 2005ರ ಕಾಯ್ದೆಯಡಿ ಉತ್ತರಕ್ಕೆ 30 ದಿನಗಳ ಗಡುವಿರುವುದರಿಂದ, ನಾಲ್ಕು ವಾರಕ್ಕೆಂದು ಬಂದವರು ಮೂರನೇ ವಾರದಲ್ಲಿ ಅರ್ಜಿ ಬರೆದರೆ ಉತ್ತರ ನೋಡುವ ಭಾಗ್ಯ ಅವರಿಗಿರುವುದಿಲ್ಲ. ಕರ್ನಾಟಕದ ನಿಯಮಗಳ ಪ್ರಕಾರ ಶುಲ್ಕ 10 ರೂಪಾಯಿ. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. ‘ಏಕೆ ಕ್ರಮ ಕೈಗೊಂಡಿಲ್ಲ?’ ಎಂಬ ಪ್ರಶ್ನೆಗೆ ‘ಇದು ಮಾಹಿತಿಯ ವ್ಯಾಖ್ಯೆಗೆ ಬರುವುದಿಲ್ಲ’ ಎಂಬ ಹಿಂಬರಹ ಬರುವ ಸಂಭವವೇ ಹೆಚ್ಚು. ಇಂತಿಂಥ ದಿನಾಂಕಗಳ ನಡುವೆ ಸ್ವೀಕರಿಸಿದ ದೂರುಗಳ ವಹಿಯ ನಕಲು, ಅವುಗಳ ಮೇಲೆ ಹೊರಡಿಸಿದ ಆದೇಶಗಳ ನಕಲು ಎಂದು ದಾಖಲೆಯನ್ನೇ ಹೆಸರಿಸಿ ಕೇಳಬೇಕು.

ಜನರನ್ನು ಮಾತನಾಡಿಸುವಾಗ

ಹಿರಿಯ ಸಂಶೋಧಕರ ಜೊತೆಯಲ್ಲದೆ ಇಂಟರ್ನ್ ಒಬ್ಬರೇ ಸಂತ್ರಸ್ತರ ಮನೆಗೆ ಹೋಗಬಾರದು. ಮ್ಯಾನ್‌ಹೋಲ್‌ನಲ್ಲಿ ಮೃತಪಟ್ಟ ಕಾರ್ಮಿಕರೊಬ್ಬರ ಮನೆಗೆ ಹೋದಾಗ ‘ಎಷ್ಟು ದುಡ್ಡು ಬರ್ತದಮ್ಮಾ, ಯಾವಾಗ ಬರ್ತದೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಂಥ ಸಾವುಗಳಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಆದೇಶಿಸಿದ್ದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹಾಗೆಂದು ‘ನಿಮಗೆ 30 ಲಕ್ಷ ಸಿಗುತ್ತದೆ’ ಎಂದು ಹೇಳಿಬಿಡುವುದು ತಪ್ಪು. ತೀರ್ಪು ಹೀಗಿದೆ, ನಾವು ವರದಿ ಬರೆಯುವವರು, ಹಣ ಕೊಡಿಸುವ ಅಧಿಕಾರ ನಮಗಿಲ್ಲ, ಅರ್ಜಿ ಹಾಕಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು ಎಂದು ಬಿಡಿಸಿ ಹೇಳಬೇಕು. ಹೆಸರು ಬಳಸಬಹುದೇ, ಧ್ವನಿ ಮುದ್ರಿಸಬಹುದೇ, ಫೋಟೊ ತೆಗೆಯಬಹುದೇ ಎಂಬ ಮೂರಕ್ಕೂ ಪ್ರತ್ಯೇಕವಾಗಿ ಒಪ್ಪಿಗೆ ಪಡೆಯಬೇಕು. ನಡುವೆ ಬೇಡವೆಂದರೆ ನಿಲ್ಲಿಸಬೇಕು. ಆಗಲೇ ಠಾಣೆಯಲ್ಲಿ, ಆಸ್ಪತ್ರೆಯಲ್ಲಿ, ಟಿ.ವಿ. ವಾಹಿನಿಗೆ ಎಲ್ಲವನ್ನೂ ಹೇಳಿ ದಣಿದವರಿಂದ ಅದೇ ವಿವರವನ್ನು ಮತ್ತೆ ಹೇಳಿಸದೆ, ದಾಖಲೆಯಲ್ಲಿ ಸಿಗದಿರುವುದನ್ನು ಮಾತ್ರ ಕೇಳುವುದು ಲೇಸು.

ಹೇಳಿಕೆಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು, ಸ್ವಂತ ಗೂಗಲ್ ಡ್ರೈವ್‌ನಲ್ಲಿ ಇಟ್ಟುಕೊಳ್ಳುವುದು, ಕ್ಷೇತ್ರಭೇಟಿಯ ಫೋಟೊವನ್ನು ಇನ್‌ಸ್ಟಾಗ್ರಾಂಗೆ ಹಾಕುವುದು ಸಲ್ಲದು. ಹೊರಡುವ ಮುನ್ನ ಕೆಲಸವನ್ನು ಮುಂದಿನವರಿಗೆ ಒಪ್ಪಿಸುವ ಟಿಪ್ಪಣಿ ಬರೆದಿಡಿ: ಯಾವ ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಬಾಕಿಯಿದೆ, ಮೊದಲ ಮೇಲ್ಮನವಿಗೆ ಕೊನೆಯ ದಿನ ಯಾವುದು, ಎಕ್ಸೆಲ್ ಹಾಳೆಯ ಯಾವ ಅಂಕಣ ಇನ್ನೂ ಪರಿಶೀಲನೆಯಾಗಿಲ್ಲ ಎಂಬುದೆಲ್ಲ ಅದರಲ್ಲಿರಲಿ. ನೀವು ಬರೆದ ಭಾಗವನ್ನು ಮುಂದೆ ಬೇರೆ ಅರ್ಜಿಗಳಿಗೆ ಮಾದರಿ ಬರಹವಾಗಿ ಬಳಸಬೇಕೆಂದಿದ್ದರೆ, ಪ್ರಮಾಣಪತ್ರ ಪಡೆಯುವ ದಿನವೇ ಅದಕ್ಕೂ ಲಿಖಿತ ಅನುಮತಿ ಕೇಳಿ ಪಡೆದುಕೊಳ್ಳಿ.