ಬಾನೆಟ್ ಒಳಗಿನ ‘ಕೀಂ’ ಸದ್ದು: ಬೆಲ್ಟ್ ಬಿಚ್ಚಿ ನೋಡಿದ ಮೇಲೆ

ಎಂಜಿನ್ ಸ್ಟಾರ್ಟ್ ಆದ ಕೂಡಲೇ ಸಣ್ಣಗೆ ‘ಕೀಂ’ ಎನ್ನಲು ಶುರು, ಆಕ್ಸಿಲರೇಟರ್ ಒತ್ತಿದಂತೆಲ್ಲ ಸ್ವರ ಏರುತ್ತದೆ, ಎ.ಸಿ. ಹಾಕಿದರೆ ಇನ್ನಷ್ಟು ಜೋರು. ನಮ್ಮ ಪೆಟ್ರೋಲ್ ಕಾರಿನಲ್ಲಿ ಈ ಸದ್ದು ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ಫ್ಯಾನ್ ಬೆಲ್ಟ್ ಬದಲಿಸಿ. ಆ ಮಾತಿಗೆ ದುಡ್ಡು ಸುರಿಯುವ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂದು ಖಚಿತ ಮಾಡಿಕೊಳ್ಳಬೇಕಿತ್ತು. ಏಕೆಂದರೆ ಈ ಎಂಜಿನ್ನಿನಲ್ಲಿ ಒಂದೇ ಬೆಲ್ಟು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ವಾಟರ್ ಪಂಪ್, ಎ.ಸಿ. ಕಂಪ್ರೆಸರ್ ಮೂರನ್ನೂ ತಿರುಗಿಸುತ್ತದೆ. ದಾರಿಯಲ್ಲಿ ಬೆಲ್ಟನ್ನು ತಾನೇ ಬಿಗಿಯಾಗಿಡುವ ಒಂದು ಆಟೋ ಟೆನ್ಷನರ್, ಬೆಲ್ಟಿಗೆ ದಾರಿ ತೋರಲಷ್ಟೇ ಇರುವ ಒಂದು ಐಡ್ಲರ್ ಪುಲ್ಲಿ ಬೇರೆ. ಐದು ಕಡೆ ಬೇರಿಂಗ್ ಇದೆ, ಐದೂ ಕೂಗಬಲ್ಲವು.

ಮೊದಲು ಕಿವಿಗೆ ಕೆಲಸ. ಚಿರ್ ಚಿರ್ ಎಂದು ತಾಳ ಹಾಕಿದಂತೆ ಬಂದರೆ ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ. ಎ.ಸಿ. ಅಥವಾ ಹೆಡ್‌ಲೈಟ್ ಹಾಕಿದ ಕ್ಷಣಕ್ಕೆ ಕಿರ್ರೆಂದು ಕಿರುಚಿ ಸುಮ್ಮನಾದರೆ ಬೆಲ್ಟ್ ಜಾರುತ್ತಿದೆ. ಬಿಡದೆ ಒಂದೇ ಸಮ ಬರುತ್ತ, ಎಂಜಿನ್ ವೇಗದ ಜೊತೆ ಏರಿಳಿದರೆ ಬೇರಿಂಗ್ ಮೇಲೆ ಅನುಮಾನ. ನಿಂತಲ್ಲಿ ಸಿಳ್ಳೆ ಹೊಡೆದು ಆಕ್ಸಿಲರೇಟರ್ ಒತ್ತಿದಾಗ ಮಾಯವಾದರೆ ಅದು ಎಂಜಿನ್ ಗಾಳಿ ಎಳೆದುಕೊಳ್ಳುವ ಇಂಟೇಕ್ ಕಡೆ ಗಾಳಿ ಸೋರಿಕೆ, ಅದರ ದಾರಿಯೇ ಬೇರೆ. ನಮ್ಮದು ಮೂರನೆಯ ಜಾತಿ.

ಆದರೂ ಬೆಲ್ಟಿಗೆ ನೀರಿನ ಪರೀಕ್ಷೆ ಮಾಡಿದೆ. ಕಾರು ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸ್ಪ್ರೇ ಬಾಟಲಿಯಿಂದ ಬೆಲ್ಟಿನ ಗೆರೆಗಳಿರುವ ಬದಿಗೆ ಸ್ವಲ್ಪ ನೀರು. ಸದ್ದು ಹೆಚ್ಚಾದರೆ ಟೆನ್ಷನ್ ಸಾಲದು. ನಿಂತು, ಒಣಗುತ್ತಿದ್ದಂತೆ ಮರಳಿದರೆ ಪುಲ್ಲಿಯ ಸಾಲು ತಪ್ಪಿದೆ. ಇಲ್ಲಿ ಎರಡೂ ಆಗಲಿಲ್ಲ, ಸದ್ದು ಕದಲಲೇ ಇಲ್ಲ. ಅನುಮಾನದ ಪಟ್ಟಿಯಿಂದ ಬೆಲ್ಟ್ ಹೊರಬಿತ್ತು. ಲುಂಗಿ, ಶಾಲು, ಸಡಿಲ ತೋಳಿನ ಅಂಗಿ ಹಾಕಿಕೊಂಡು ಈ ಕೆಲಸಕ್ಕೆ ಬಗ್ಗಬೇಡಿ. ಬೆಲ್ಟ್ ಎಳೆದುಕೊಳ್ಳಲು ಅರೆಕ್ಷಣ ಸಾಕು.

ಬೆಲ್ಟಿಗೆ ಸೋಪು ಉಜ್ಜುವುದು, ಪೌಡರ್ ಉದುರಿಸುವುದು, ಅಂಟುವ ಸ್ಪ್ರೇ ಹೊಡೆಯುವುದು ರೂಢಿಯಲ್ಲಿದೆ. ಸದ್ದು ಅಡಗುತ್ತದೆ, ಕಾರಣ ಹಾಗೇ ಉಳಿಯುತ್ತದೆ. ಸ್ಪ್ರೇಯಂತೂ ಧೂಳು ಹಿಡಿದು ಗೆರೆಗಳಲ್ಲಿ ಕೆಸರಾಗುತ್ತದೆ.

ಮುಂದೆ ಉದ್ದನೆಯ ಸ್ಕ್ರೂಡ್ರೈವರ್. ತುದಿಯನ್ನು ಬೇರಿಂಗ್ ಹತ್ತಿರದ ತಿರುಗದ ಬೋಲ್ಟಿಗೋ ಬ್ರಾಕೆಟ್ಟಿಗೋ ಇಟ್ಟು, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ ಕೇಳಿದೆ. ಐಡ್ಲರ್ ಬಳಿ ಗರಗರ ಜಾಸ್ತಿ, ಆದರೆ ಆಲ್ಟರ್ನೇಟರ್ ಬಳಿಯೂ ಇದೆ. ಒಂದೇ ಬ್ರಾಕೆಟ್ ಎರಡನ್ನೂ ಹಿಡಿದಿದ್ದರೆ ಸದ್ದು ಕಬ್ಬಿಣದಲ್ಲಿ ಹರಿದು ಹೋಗುತ್ತದೆ. ಇಷ್ಟರ ಮೇಲೆ ತೀರ್ಪು ಕೊಟ್ಟು ಆಲ್ಟರ್ನೇಟರ್ ಬದಲಿಸುವವರಿದ್ದಾರೆ.

ಹಾಗಾಗಿ ಬೆಲ್ಟೇ ಬಿಚ್ಚಿದೆ. ಬಿಚ್ಚುವ ಮುಂಚೆ ಬೆಲ್ಟ್ ಹೋಗುವ ದಾರಿಯ ಫೋಟೋ ತೆಗೆದುಕೊಳ್ಳಿ. ರಿಂಗ್ ಸ್ಪ್ಯಾನರಿನಿಂದ ಟೆನ್ಷನರ್ ತೋಳನ್ನು ಎಳೆದು ಹಿಡಿದರೆ ಬೆಲ್ಟ್ ಸಡಿಲ. ಬೆಲ್ಟಿಲ್ಲದೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಬ್ಯಾಟರಿ ದೀಪ ಉರಿಯುವುದು ಸಹಜ. ವಾಟರ್ ಪಂಪ್ ತಿರುಗುತ್ತಿಲ್ಲವಾದ್ದರಿಂದ ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು. ಸದ್ದು ಪೂರ್ತಿ ಹೋಗಿತ್ತು. ಉಳಿದಿದ್ದರೆ ಎಂಜಿನ್ ವಾಲ್ವುಗಳನ್ನು ನಡೆಸುವ ಟೈಮಿಂಗ್ ಬೆಲ್ಟ್ ಇಲ್ಲವೇ ಚೈನಿನ ಕಡೆಗೋ ಗಾಳಿ ಸೋರಿಕೆ ಕಡೆಗೋ ಹೋಗಬೇಕಿತ್ತು.

ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡು, ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿದೆ. ಹಲವರು ಎಡವುವುದು ಇಲ್ಲೇ: ಪುಲ್ಲಿ ಬುಗುರಿಯಂತೆ ಸರಾಗವಾಗಿ ಸುತ್ತಿದರೆ ಬೇರಿಂಗ್ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಒಳಗೆ ಗ್ರೀಸ್ ಇರುವ ಸೀಲ್ಡ್ ಬೇರಿಂಗ್ ಮೆತ್ತಗೆ ತಡೆ ಕೊಟ್ಟು ಬೇಗ ನಿಲ್ಲುತ್ತದೆ. ನಮ್ಮ ಐಡ್ಲರ್ ಸರ್ರನೆ ಸುತ್ತುತ್ತಲೇ ಇತ್ತು, ಒಳಗೆ ಒಣ ಸರಸರ. ಗ್ರೀಸ್ ಖಾಲಿ. ಟೆನ್ಷನರ್ ಪುಲ್ಲಿ ಮೆತ್ತಗಿತ್ತು. ಆಲ್ಟರ್ನೇಟರಿನಲ್ಲಿ ಗರಗರ ಇರಲಿಲ್ಲ. ವಾಟರ್ ಪಂಪ್ ಪುಲ್ಲಿಯನ್ನು ಹಿಡಿದು ಆಚೀಚೆ ಅಲ್ಲಾಡಿಸಿ ನೋಡಿದೆ. ಸಡಿಲವಿಲ್ಲ, ಕೆಳಗೆ ಕೂಲಂಟ್ ಒಣಗಿದ ಕಲೆಯೂ ಇಲ್ಲ. ಎ.ಸಿ. ಹಾಕಿದಾಗ ಸದ್ದು ಏರುತ್ತಿದ್ದದ್ದಕ್ಕೆ ಕಂಪ್ರೆಸರ್ ಕಾರಣವಲ್ಲ. ಅದರ ಭಾರಕ್ಕೆ ಬೆಲ್ಟ್ ಬಿಗಿದು ಐಡ್ಲರ್ ಮೇಲೆ ಒತ್ತಡ ಬೀಳುತ್ತಿತ್ತು.

ಐಡ್ಲರಿನ ಮುಚ್ಚಳ ತೆಗೆದರೆ ಬೇರಿಂಗ್ ಮೇಲೆ 6203 ಎಂದಿತ್ತು: ಒಳವ್ಯಾಸ 17, ಹೊರವ್ಯಾಸ 40, ದಪ್ಪ 12 ಮಿ.ಮೀ. ಇದು ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುವ ಮಾಲು. ಎರಡೂ ಬದಿ ರಬ್ಬರ್ ಸೀಲ್ ಇರುವ ‘2ಆರ್‌ಎಸ್’, ಜೊತೆಗೆ ‘ಸಿ3’ ಗುರುತು ಇರುವುದನ್ನೇ ಕೇಳಿ ತಂದೆ. ತಗಡಿನ ಮುಚ್ಚಳದ ‘ಝಡ್‌ಝಡ್’ ನಮ್ಮ ಧೂಳು, ಮಳೆಗೆ ಸಾಲದು. ಬಿಸಿಗೆ ಬೇರಿಂಗ್ ಹಿಗ್ಗಿದಾಗ ಬಿಗಿಯಾಗದಿರಲಿ ಎಂದು ಒಳಗೆ ಗುಂಡುಗಳಿಗೆ ತುಸು ಹೆಚ್ಚು ಜಾಗವಿರುವ ಸಿ3. ಪುಲ್ಲಿ ಕಬ್ಬಿಣದ್ದಾದ್ದರಿಂದ ಹಳೆಯದನ್ನು ವೈಸಿನಲ್ಲಿ ಸಾಕೆಟ್ ಇಟ್ಟು ಹೊರದಬ್ಬಿದೆ. ಹೊಸದನ್ನು ಕೂರಿಸುವಾಗ ಒತ್ತಡ ಹೊರರಿಂಗಿನ ಮೇಲಷ್ಟೇ ಬೀಳಬೇಕು. ಒಳರಿಂಗನ್ನು ಒತ್ತಿದರೆ ಗುಂಡುಗಳು ಹಾದಿಯಲ್ಲಿ ಗುಳಿ ಮಾಡಿ ಹೊಸ ಬೇರಿಂಗೇ ಕೂಗುತ್ತದೆ. ಬೇರಿಂಗ್ ಸುತ್ತ ಪ್ಲಾಸ್ಟಿಕ್ ಎರಕ ಹೊಯ್ದ ಪುಲ್ಲಿಯಾದರೆ ಈ ಸಾಹಸ ಬೇಡ, ಇಡೀ ಪುಲ್ಲಿಯೇ ಬದಲಿಸಿ. ಬೋಲ್ಟನ್ನು ಸರ್ವಿಸ್ ಮ್ಯಾನುಯಲ್ಲಿನ ಟಾರ್ಕಿಗೇ (ಬಿಗಿಯುವ ಬಲದ ಅಳತೆಗೇ) ಬಿಗಿಯಿರಿ.

ಬೆಲ್ಟ್ ಹಳೆಯದೇ ಹಾಕಿದೆ, ಅದೂ ಪರೀಕ್ಷೆ ಮಾಡಿದ ಮೇಲೆ. ಈಗಿನ ಇಪಿಡಿಎಂ ರಬ್ಬರಿನ ಬೆಲ್ಟುಗಳು ಹಳೆಯವುಗಳ ಹಾಗೆ ಬಿರುಕು ಬಿಡುವುದಿಲ್ಲ, ಟೈರಿನ ಹಾಗೆ ಗೆರೆ ಸವೆಯುತ್ತವೆ. ಬಿರುಕಿಲ್ಲ ಎಂಬ ಕಾರಣಕ್ಕೆ ಪಾಸು ಮಾಡದೆ ಗೆರೆಯ ಆಳ ನೋಡಬೇಕು. ಹೊಸದು ತರುವುದಾದರೆ ಬೆನ್ನ ಮೇಲಿನ ನಂಬರ್ ತಾಳೆಯಾಗಲಿ. 6ಪಿಕೆ1750 ಎಂದರೆ ಆರು ಗೆರೆ, 1750 ಮಿ.ಮೀ. ಉದ್ದ.

ಆಟೋ ಟೆನ್ಷನರ್ ಇಲ್ಲದೆ, ಆಲ್ಟರ್ನೇಟರನ್ನೇ ಎಳೆದು ಬೆಲ್ಟ್ ಬಿಗಿಯುವ ಕಾರುಗಳಲ್ಲಿ ಕೊನೆಯ ಹಂತ ಸೂಕ್ಷ್ಮ. ಸದ್ದು ಹೋಗಲಿ ಎಂದು ಮಿತಿಮೀರಿ ಬಿಗಿದರೆ ಆಲ್ಟರ್ನೇಟರಿನ ಮುಂದಿನ ಬೇರಿಂಗ್, ವಾಟರ್ ಪಂಪ್ ಬೇರಿಂಗ್ ಎರಡೂ ಬೇಗ ಹಾಳಾಗುತ್ತವೆ. ಹೊಸ ಬೆಲ್ಟ್ ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ ಸ್ವಲ್ಪ ಸಡಿಲವಾಗುವುದರಿಂದ ಆಗೊಮ್ಮೆ ಮ್ಯಾನುಯಲ್ ಹೇಳಿದಷ್ಟು ಮತ್ತೆ ಬಿಗಿದರೆ ಸಾಕು.